ಬಾಯಿ ತೋರಿಸಿ ಮಾಯವಾದವರ ಬೆನ್ನು ಹತ್ತುವ ಗದ್ದದಕ್ಕ

ಬೆಳಗಿನ ಐದೂ ಮುಕ್ಕಾಲು. ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗದ ಹಿಂಬದಿ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಮಿಣುಕುತ್ತಿದೆ. ಕಲ್ಲಿನ ತೊಟ್ಟಿಯ ಮುಂದೆ ನಿಂತ ಹೆಂಗಸೊಬ್ಬರು ಹಳೆಯ ಟೂತ್‌ಬ್ರಷ್ಷಿನಿಂದ ಇಕ್ಕಳದ ಕೀಲನ್ನು ಉಜ್ಜುತ್ತಿದ್ದಾರೆ. ನಿನ್ನೆ ಕಿತ್ತ ಹಲ್ಲುಗಳ ರಕ್ತ ಕೀಲಿನ ಸಂದಿಯಲ್ಲಿ ಒಣಗಿ ಕೂತಿದೆ. ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜುತ್ತಾರೆ. ನಲವತ್ತೆರಡು ಇಕ್ಕಳ, ಬೇರು ಮೀಟುವ ಇಪ್ಪತ್ತು ಸಲಾಕೆ, ಒಸಡು ಕೆರೆಯುವ ಕೊಕ್ಕೆಗಳು ಒಂದು ಬುಟ್ಟಿ ತುಂಬ. ಎಲ್ಲವೂ ಎಂಟು ಗಂಟೆಯೊಳಗೆ ಹಬೆಯಲ್ಲಿ ಬೆಂದು ಹೊರಬರಬೇಕು. ಹಬೆಯ ಯಂತ್ರಕ್ಕೆ ಇವರು ಇಟ್ಟಿರುವ ಹೆಸರು ಕುಕ್ಕರ್.

"ಮನೆ ಕುಕ್ಕರ್ ಮೂರು ಸಲ ಕೂಗಿದ್ರೆ ಇಳಿಸ್ತೀನಿ. ಇದು ಕೂಗೋದೂ ಇಲ್ಲ, ಹೊಟ್ಟೆ ತುಂಬಿಸೋದೂ ಇಲ್ಲ" ಎಂದು ನಗುತ್ತಾರೆ. ಮುಖ ಮಾತ್ರ ಇಕ್ಕಳದ ಕಡೆಗೇ.

ಇವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಗದ್ದದಕ್ಕ ಎಂದು. ವಯಸ್ಸು ಐವತ್ತೆಂಟು. ಈ ವಿಭಾಗಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಬಂದದ್ದು ನೆಲ ಒರೆಸಲು. ಒಂದು ದಿನ ಸಹಾಯಕಿ ರಜೆ ಹಾಕಿದ್ದಾಗ, ಕೆಳದವಡೆಯ ಹಲ್ಲು ಕೀಳುತ್ತಿದ್ದ ಸರ್ಜನ್ "ಬಾಮ್ಮ ಇಲ್ಲಿ, ಇವರ ಗದ್ದ ಹಿಡಿ" ಎಂದರಂತೆ. ಕೆಳಗಿನಿಂದ ಯಾರಾದರೂ ಆತು ಹಿಡಿಯದಿದ್ದರೆ ಹಲ್ಲಿನ ಜೊತೆ ದವಡೆಯೇ ಕೀಲು ತಪ್ಪಬಹುದು. ಪೊರಕೆ ಬದಿಗಿಟ್ಟು ಹಿಡಿದ ಆ ಕೈ ಇನ್ನೂ ಬಿಟ್ಟಿಲ್ಲ. ದಿನಕ್ಕೆ ಅರವತ್ತು ಎಪ್ಪತ್ತು ಜನ ಬರುತ್ತಾರೆ, ಮೂವತ್ತರ ಮೇಲೆ ಹಲ್ಲುಗಳು ಉದುರುತ್ತವೆ. ಬಲಗೈ ಹೆಬ್ಬೆರಳಿನ ಬುಡ ಈಗ ಬೆಳಗ್ಗೆ ಎದ್ದರೆ ಮಡಚುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಅದನ್ನು ದಾರಿಗೆ ತರಬೇಕು.

ಪಕ್ಕದ ಕೋಣೆ ಒಸಡಿನದು. ಅಲ್ಲಿ ಒಸಡನ್ನು ಸೀಳಿ, ಬೇರಿಗೆ ಅಂಟಿದ ಗಾರೆಯಂಥ ಕೊಳೆಯನ್ನು ಕೆರೆದು, ಮತ್ತೆ ಹೊಲಿಯುತ್ತಾರೆ. ಮೂರು ಸಲ ಬರಬೇಕಾದವರು ಒಂದು ಸಲ ಬಂದು ಕೈತೊಳೆದುಕೊಳ್ಳುತ್ತಾರೆ. "ಉಜ್ಜಿದ್ರೆ ರಕ್ತ ಬರುತ್ತೆ ಅಂತ ಉಜ್ಜೋದೇ ಬಿಟ್ಬಿಡ್ತಾರೆ. ಉಜ್ಜದೇ ಇರೋದಕ್ಕೇ ಕಣಪ್ಪ ರಕ್ತ ಬರೋದು ಅಂತ ಬಡ್ಕೊಂಡ್ರೆ, 'ಎಲ್ಲಾ ಕಿತ್ಹಾಕಿ, ಪೀಡೆ ಹೋಗ್ಲಿ' ಅಂತಾರೆ" ಎನ್ನುತ್ತಾರೆ ಗದ್ದದಕ್ಕ. ಇವರ ಮನೆಯಲ್ಲೂ ಅದೇ ಕಥೆ. "ನಮ್ಮತ್ತೆಗೆ ಬಾಯಲ್ಲಿ ಒಂದು ಹಲ್ಲಿಲ್ಲ, ಎಲ್ಲಾ ಒಸಡು ರೋಗಕ್ಕೇ ಹೋಯ್ತು. ಆದ್ರೆ ಕಚ್ಚೋದು ಮಾತ್ರ ಬಿಟ್ಟಿಲ್ಲ ನೋಡಿ!"

ಇಷ್ಟೇ ಆಗಿದ್ದರೆ ಇವರು ಆಸ್ಪತ್ರೆಯ ನೂರಾರು ಕೆಲಸಗಾರರಲ್ಲಿ ಒಬ್ಬರು. ಇವರ ಇನ್ನೊಂದು ಕೆಲಸ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಬಾಯಿಯ ಹುಣ್ಣಿನಿಂದ ಅಕ್ಕಿಕಾಳಿನಷ್ಟು ಮಾಂಸ ಕತ್ತರಿಸಿ ಕ್ಯಾನ್ಸರ್ ಪರೀಕ್ಷೆಗೆ ಕಳಿಸಿದ ಮೇಲೆ ಹನ್ನೆರಡು ದಿನಕ್ಕೆ ವರದಿ ಬರುತ್ತದೆ. ವರದಿ ಬರುತ್ತದೆ, ಆದರೆ ಹತ್ತರಲ್ಲಿ ಮೂವರು ಬರುವುದಿಲ್ಲ. ಫೋನು ಎತ್ತುವುದಿಲ್ಲ. ಕೊಟ್ಟ ವಿಳಾಸ ಅರ್ಧ ಇರುತ್ತದೆ. ಅಂಥವರ ವರದಿಯ ಲಕೋಟೆಯ ಮೇಲೆ ಸರ್ಜನ್ ಕೆಂಪು ಗೆರೆ ಎಳೆದರೆ, ಎರಡು ಗಂಟೆಗೆ ಪಾಳಿ ಮುಗಿಸಿದ ಗದ್ದದಕ್ಕ ಬ್ಯಾಗು ನೇತುಹಾಕಿಕೊಂಡು ಬಸ್ಸು ಹತ್ತುತ್ತಾರೆ. ಹನ್ನೊಂದು ವರ್ಷದಿಂದ ಹೀಗೇ. ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಗಂಡ ಗೊಣಗುತ್ತಾರೆ: "ಸಂಬಳ ಕೊಡೋದು ಗದ್ದ ಹಿಡಿಯೋಕೆ, ಬೀದಿ ಅಳೆಯೋಕಲ್ಲ."

ಲಕೋಟೆಯನ್ನು ಮಾತ್ರ ಒಯ್ಯುವುದಿಲ್ಲ. ಅದಕ್ಕೊಂದು ಕಾರಣವಿದೆ. ಒಂಬತ್ತು ವರ್ಷದ ಹಿಂದೆ ಒಬ್ಬ ಬಸ್ ಡ್ರೈವರ್ ಮನೆಗೆ ಹೋದಾಗ ಅವನು ಇರಲಿಲ್ಲ, ಮಗ ಇದ್ದ. ಓದಿದವನು, ನಯವಾಗಿ ಮಾತಾಡಿದ. ಅವನ ಕೈಗೆ ಲಕೋಟೆ ಕೊಟ್ಟು ಬಂದರು. ತಂಗಿಗೆ ದಿನ ತುಂಬಿತ್ತು, ಹೆರಿಗೆ ಆಗಲಿ, ಆಮೇಲೆ ಅಪ್ಪನಿಗೆ ಹೇಳೋಣ ಎಂದು ಮಗ ಅದನ್ನು ಬೀರುವಿನಲ್ಲಿಟ್ಟ. ಹೆರಿಗೆ ಆಯಿತು, ಮಗುವಿಗೆ ಕಾಮಾಲೆ ಬಂತು, ಅದು ವಾಸಿಯಾಯಿತು. ನಾಲ್ಕು ತಿಂಗಳು. ಡ್ರೈವರ್ ಆಸ್ಪತ್ರೆಗೆ ಬಂದಾಗ ಕೆನ್ನೆಯಲ್ಲಿ ತೂತು ಬಿದ್ದಿತ್ತು.

"ಕುರ್ಚಿ ಮೇಲೆ ಕೂತ್ಕೊಂಡು ನನ್ನೇ ನೋಡ್ತಾ ಕೇಳಿದ್ರು, 'ನಿಂಗೆ ಮೊದ್ಲೇ ಗೊತ್ತಿತ್ತೇನಮ್ಮ?' ಅಂತ. ಆ ಮಗನದ್ದೂ ತಪ್ಪಲ್ಲ, ಅಪ್ಪನ ಮೇಲಿನ ಪ್ರೀತಿ. ತಪ್ಪು ನಂದೇ. ಬಾಯಿ ಯಾರದ್ದೋ ಸುದ್ದಿ ಅವರಿಗೇ ಸೇರ್ಬೇಕು." ಅಂದಿನಿಂದ ಇವರು ಕಾಗದ ಒಯ್ಯುವುದಿಲ್ಲ, ಮನುಷ್ಯರನ್ನೇ ಕರೆತರುತ್ತಾರೆ. ರೋಗದ ಹೆಸರನ್ನು ಬಾಯಿಬಿಡುವುದಿಲ್ಲ.

ಈ ಸಲ ಕೆಂಪು ಗೆರೆ ಬಿದ್ದಿರುವುದು ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬರ ಲಕೋಟೆಗೆ. ನಲವತ್ತಾರು ವರ್ಷ. ಎಡಗಡೆಯ ಒಂದು ದವಡೆ ಹಲ್ಲು ಅಲ್ಲಾಡುತ್ತಿತ್ತು. ಬೀದಿಯ ಕ್ಲಿನಿಕ್ಕಿನಲ್ಲಿ ಒಸಡು ರೋಗ ಎಂದು ಕಿತ್ತರು. ಎರಡು ತಿಂಗಳಾದರೂ ಗುಳಿ ಮುಚ್ಚಲಿಲ್ಲ, ಅಂಚು ದಪ್ಪವಾಗುತ್ತ ಬಂತು. ಆಮೇಲೆ ಇಲ್ಲಿಗೆ ಬಂದದ್ದು. "ಒಸಡು ರೋಗ ಆದ್ರೆ ಅಕ್ಕಪಕ್ಕದ ಹಲ್ಲೂ ಅಲ್ಲಾಡ್ತವೆ. ಬಾಕಿ ಎಲ್ಲಾ ಗಟ್ಟಿ ಇದ್ದು ಒಂದೇ ಅಲ್ಲಾಡಿದ್ರೆ ನಮ್ಮ ಡಾಕ್ಟ್ರು ಮುಖ ಗಂಟು ಹಾಕ್ಕೊಳ್ತಾರೆ" ಎನ್ನುತ್ತಾರೆ ಗದ್ದದಕ್ಕ. ವರದಿ ಬಂದು ಹತ್ತೊಂಬತ್ತು ದಿನ. ಮೇಸ್ತ್ರಿಯ ಸುಳಿವಿಲ್ಲ.

ಮನೆ ಒಂದು ಬಡಗಿ ಅಂಗಡಿಯ ಮೇಲಿದೆ. ಮೆಟ್ಟಿಲ ತುಂಬ ಮರದ ಹೊಟ್ಟು. ಬಾಗಿಲು ತೆರೆದ ಹೆಂಡತಿ ಆಸ್ಪತ್ರೆಯ ಗುರುತಿನ ಚೀಟಿ ನೋಡಿದ್ದೇ ಹೊಸ್ತಿಲಲ್ಲೇ ಕೂತುಬಿಡುತ್ತಾರೆ.

"ಏನು ಬಂದಿದೆ ಅಂತ ನಂಗೆ ಹೇಳ್ಬಿಡಿ ಅಕ್ಕ. ಅವರಿಗೆ ನಾನೇ ನಿಧಾನಕ್ಕೆ ಹೇಳ್ತೀನಿ."

"ನಂಗೇ ಗೊತ್ತಿಲ್ಲ ತಾಯಿ. ಡಾಕ್ಟ್ರು ನೋಡ್ಬೇಕಂತೆ, ಅಷ್ಟೇ."

"ಗೊತ್ತಿಲ್ದೆ ಇಷ್ಟು ದೂರ ಬರ್ತೀರಾ?"

ಗದ್ದದಕ್ಕ ಕೆಲಸದ ಜಾಗ ಎಲ್ಲಿ ಎಂದಷ್ಟೇ ಕೇಳುತ್ತಾರೆ. ಹೆಂಡತಿ ಚಪ್ಪಲಿ ಮೆಟ್ಟಿ ತಾವೂ ಹೊರಡುತ್ತಾರೆ.

ಎರಡು ಬೀದಿ ಆಚೆ, ಕಟ್ಟುತ್ತಿರುವ ಮನೆಯ ಮೂರನೇ ಮಹಡಿ. ಮೇಸ್ತ್ರಿ ಮಂಡಿಯೂರಿ ಕೂತು, ರಬ್ಬರ್ ಸುತ್ತಿಗೆಯಿಂದ ಟೈಲ್ಸನ್ನು ತಟ್ಟಿ ಮಟ್ಟ ಮಾಡುತ್ತಿದ್ದಾರೆ. ಬಾಯಿಗೆ ಟವೆಲು ಕಟ್ಟಿದ್ದಾರೆ. ತಲೆ ಎತ್ತಿದವರು ಇವರನ್ನು ಕಂಡು, ಮತ್ತೆ ಟೈಲ್ಸಿನ ಕಡೆಗೇ ತಿರುಗುತ್ತಾರೆ.

"ಶನಿವಾರಕ್ಕೆ ಈ ಎರಡು ರೂಮು ಮುಗೀಬೇಕಕ್ಕ. ಹಲ್ಲು ಕಿತ್ತ ಗಾಯ ತಾನೇ? ಆರುತ್ತೆ ಬಿಡಿ."

"ಆರೋದಾಗಿದ್ರೆ ಮೂರು ತಿಂಗಳು ಬೇಕಿತ್ತೇನಪ್ಪ?"

"ನಮ್ಮ ಜೊತೆ ಪೇಂಟರ್ ಒಬ್ಬ ಇದ್ದ. ಇದೇ ಥರ ಬನ್ನಿ ಬನ್ನಿ ಅಂತ ಕರ್ಕೊಂಡು ಹೋಗಿ ಅರ್ಧ ಮುಖ ತೆಗೆದ್ರು. ಆಮೇಲೆ ಅವನನ್ನ ಯಾರೂ ಕೆಲಸಕ್ಕೆ ಕರೀಲಿಲ್ಲ. ಮಕ್ಕಳು ಹೆದರ್ತಾರೆ ಅಂತ ಮನೆ ಯಜಮಾನ್ರು ಒಳಕ್ಕೇ ಬಿಟ್ಕೊಳ್ಲಿಲ್ಲ. ಹಂಗೆ ಬದುಕೋದಕ್ಕಿಂತ..." ಹೆಂಡತಿ ಎದುರಿಗಿರುವುದು ನೆನಪಾಗಿ ಮೇಸ್ತ್ರಿ ಮಾತು ನುಂಗುತ್ತಾರೆ.

ಗದ್ದದಕ್ಕ ಸಿಮೆಂಟ್ ಚೀಲದ ಮೇಲೆ ಕೂರುತ್ತಾರೆ. ಬುದ್ಧಿ ಹೇಳುವುದಿಲ್ಲ. "ಟವೆಲ್ ತೆಗಿ ತಮ್ಮ. ಕೈ ತೊಳ್ಕೊಂಡು ನಿನ್ನ ಮೂರು ಬೆರಳು ಜೋಡಿಸಿ ಹಲ್ಲಿನ ಮಧ್ಯೆ ನೆಟ್ಟಗೆ ಇಟ್ಕೊ. ಮಾಂಸ ತೆಗೆದ ದಿನ ನನ್ನೆದುರಿಗೇ ಇಟ್ಟಿದ್ದೆಯಲ್ಲ, ಮೂರೂ ಹೋಗಿದ್ವು."

ಮೇಸ್ತ್ರಿ ಬಕೆಟ್ಟಿನಲ್ಲಿ ಕೈ ಅದ್ದಿ ಬೆರಳು ಜೋಡಿಸುತ್ತಾರೆ. ಎರಡು ಹೋಗುತ್ತವೆ. ಮೂರನೆಯದು ಹಲ್ಲಿಗೆ ತಾಗಿ ನಿಲ್ಲುತ್ತದೆ. ಒತ್ತುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ, ಬಾಯಿ ಮಾತ್ರ ಅಗಲವಾಗುವುದಿಲ್ಲ. ಹೆಂಡತಿ ಹೇಳುತ್ತಾರೆ, "ಹದಿನೈದು ದಿನದಿಂದ ಅನ್ನ ಕಿವುಚಿ ಹಾಕು ಅಂತಿದ್ರು. ಹಲ್ಲು ನೋವು ಅಂದ್ಕೊಂಡೆ."

"ನಾಳೆ ಬರ್ತೀನಿ" ಎನ್ನುತ್ತಾರೆ ಮೇಸ್ತ್ರಿ.

"ನಾಳೆ ಅಂದವರನ್ನ ನಂಬಿ ನಾನು ತುಂಬಾ ಸಲ ಕೆಟ್ಟಿದ್ದೀನಿ. ಡಾಕ್ಟ್ರು ಐದರ ತನಕ ಇರ್ತಾರೆ. ಆ ಕಲಸಿದ ಸಿಮೆಂಟು ಗಟ್ಟಿಯಾದ್ರೆ ಆಗ್ಲಿ, ಏಳು."

ನಾಲ್ಕೂ ನಲವತ್ತಕ್ಕೆ ಮೂವರೂ ವಿಭಾಗದಲ್ಲಿದ್ದಾರೆ. ಸರ್ಜನ್ ಪರದೆ ಎಳೆದು, ಲಕೋಟೆ ಒಡೆದು, ವಿಷಯವನ್ನು ಮೇಸ್ತ್ರಿಗೇ ನೇರವಾಗಿ ಹೇಳುತ್ತಾರೆ. ಕೆಳದವಡೆಯ ಎಡಭಾಗ ಹೋಗಬೇಕು, ಕತ್ತಿನ ಗಂಟುಗಳೂ. ಕಾಲಿನ ಎಲುಬಿನ ತುಂಡೊಂದನ್ನು ತಂದು ಕೂರಿಸುವ ಪ್ರಯತ್ನ ಮಾಡುತ್ತಾರೆ. ಪರೀಕ್ಷೆ ಮಾಡುವಷ್ಟೂ ಹೊತ್ತು ಗದ್ದದಕ್ಕನ ಕೈ ಮೇಸ್ತ್ರಿಯ ಗದ್ದದ ಕೆಳಗಿದೆ. "ವರದಿ ಬಂದ ದಿನಾನೇ ಬಂದಿದ್ರೆ ಇಷ್ಟು ತೆಗೀಬೇಕಿತ್ತಾ?" ಎಂದು ಹೆಂಡತಿ ಕೇಳುತ್ತಾರೆ. ಸರ್ಜನ್ ಕಾಗದದ ಮೇಲೆ ಏನೋ ಬರೆಯುತ್ತ ಕೂರುತ್ತಾರೆ.

ಹನ್ನೊಂದನೇ ದಿನ ಆಪರೇಷನ್. ಒಂಬತ್ತೂವರೆ ಗಂಟೆ ಹಿಡಿಯಿತು. ರಕ್ತ ಒರೆಸಿದ ಬಟ್ಟೆಗಳನ್ನು ಒಂದೊಂದಾಗಿ ಎಣಿಸಿ ಲೆಕ್ಕ ಒಪ್ಪಿಸಿ ಗದ್ದದಕ್ಕ ಹೊರಬಂದಾಗ ಹೆಬ್ಬೆರಳು ಬಾತುಕೊಂಡಿತ್ತು.

ಈಗ ಮೇಸ್ತ್ರಿ ವಾರ್ಡಿನ ಕೊನೆಯ ಮಂಚದಲ್ಲಿದ್ದಾರೆ. ಮುಖದ ಎಡಗಡೆ ಬಾವು ಇಳಿದಿಲ್ಲ. ಊಟ ಮೂಗಿನ ನಳಿಕೆಯಲ್ಲಿ. ಕಾಲಿನ ಗಾಯ ಕೀವು ಕಟ್ಟಿದೆ. ಕತ್ತರಿಸಿದ ಅಂಚುಗಳಲ್ಲಿ ರೋಗ ಉಳಿದಿದೆಯೋ ಇಲ್ಲವೋ ಎಂಬ ಪರೀಕ್ಷೆಯ ಫಲ ಇನ್ನೂ ಬಂದಿಲ್ಲ. ಉಳಿದಿದ್ದರೆ ಮುಂದಿನ ದಾರಿ ಬಹಳ ಕಿರಿದು ಎನ್ನುತ್ತಾರೆ ಸರ್ಜನ್. ಶನಿವಾರಕ್ಕೆ ಮುಗಿಯಬೇಕಿದ್ದ ಎರಡು ರೂಮನ್ನು ಬೇರೆ ಯಾರೋ ಮುಗಿಸಿದ್ದಾರೆ.

ಗದ್ದದಕ್ಕನ ನಿವೃತ್ತಿಗೆ ಇನ್ನೆರಡು ವರ್ಷ. ಸನ್ಮಾನ, ಶಾಲು ಎಂದರೆ "ನಂಗ್ಯಾಕೆ ಬಿಡಿ" ಎಂದು ಕೈ ಕೊಡವುತ್ತಾರೆ. ಬೇಕಿರುವುದೇನು ಎಂದು ಕೇಳಿದರೆ, ಬಾಯಿಯ ಮಾಂಸ ತೆಗೆಯುವ ದಿನವೇ ರೋಗಿಯ ಮನೆ, ಕೆಲಸದ ಜಾಗ ಎರಡನ್ನೂ ಪೂರ್ತಿ ಬರೆದುಕೊಳ್ಳುವ ಒಂದು ಅಚ್ಚು ಹಾಕಿದ ಹಾಳೆ ಮಾಡಿಸಿಕೊಡಲಿ ಎನ್ನುತ್ತಾರೆ. "ನನ್ನ ಹಿಂದೆ ಬರೋಳು ಬಾಗಿಲು ಬಾಗಿಲು ತಟ್ಟಬಾರದಲ್ಲ."

ನಿನ್ನೆ ಮಂಚದ ಪಕ್ಕ ಹೋದಾಗ, ಮಾತಾಡಲಾಗದ ಮೇಸ್ತ್ರಿ ಮಗಳ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ತೋರಿಸಿದರಂತೆ. ಅಂಚಿನ ವರದಿ ಯಾವತ್ತು ಬರುತ್ತೆ ಅಕ್ಕ, ಎಂದು.

"ಹನ್ನೊಂದು ವರ್ಷ ಹುಡುಕಿ ಹುಡುಕಿ ಕರ್ಕೊಂಡು ಬಂದೋರಲ್ಲಿ ಹಾಗೆ ತಾನಾಗೇ ಕೇಳಿದ್ದು ಇವನೊಬ್ಬನೇ" ಎನ್ನುತ್ತಾರೆ ಗದ್ದದಕ್ಕ. "ಮಂಗಳವಾರ ಅಂತ ಬರ್ಕೊಟ್ಟೆ."