ಬಿಳಿ ಅರಿವೆಯ ಕೆಂಪು ಗೆರೆ

ಬಾಗಿಲು ತಾನೇ ತೆರೆಯಿತು, ಮನೆಯೊಳಗೆ ಯಾರೋ ಓಡಾಡಿದರು ಎಂದು ಯಾರಾದರೂ ಹೇಳಿದರೆ, "ರಾತ್ರಿ ಏನ ಉಂಡಿದ್ದಿ?" ಎಂದು ಕೇಳುವವಳು ನಾನು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿ ಮಗ್ಗದ ಸದ್ದಿನಲ್ಲೇ ನಿದ್ದೆ ಕಲಿತವಳು. ಕಣ್ಣಿಗೆ ಕಾಣುವ ಎಳೆಯನ್ನಷ್ಟೇ ನಂಬುತ್ತಿದ್ದೆ. ಆದರೆ ನಾಲ್ಕು ವರ್ಷದ ಹಿಂದಿನ ಆ ಮಧ್ಯಾಹ್ನ ನೆನಪಾದರೆ ನನಗೆ ನಗು ಬರುವುದಿಲ್ಲ.

ಸೊಸೆ ಸವಿತಾಳಿಗೆ ಆಗ ಐದನೇ ತಿಂಗಳು. ಜಮಖಂಡಿಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಕೂಸಿನ ತಲೆಬುರುಡೆಯೇ ಕೂಡಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಅಂದರು. ತೆಗೆಸಲು ಕಾನೂನಿನ ಅಡ್ಡಿಯಿಲ್ಲ, ತಡ ಮಾಡಬೇಡಿ ಅಂದರು. ಮಗ ಒಪ್ಪಿದ. ನಾನು ಒಪ್ಪಲಿಲ್ಲ. ಎದೆ ಬಡಿಯುವ ಜೀವ, ಬೇಡ ಎನ್ನಲು ನಾವ್ಯಾರು ಎಂದು ಹಟ ಹಿಡಿದೆ. ಸವಿತಾ ರೊಟ್ಟಿ ಬಡಿಯುತ್ತ, ಮುಖ ಎತ್ತದೆ ಹೇಳಿದಳು:

"ಅತ್ತಿ, ಅದು ಒದ್ದಾಗೊಮ್ಮೆ ನಾ ಅದರ ಕೂಡ ಮಾತಾಡ್ತೇನಿ. ಇನ್ನ ನಾಕ ತಿಂಗಳ ಹಿಂಗ ಮಾತಾಡಿ, ಆಮ್ಯಾಲ ಏನ ಮಾಡ್ಲಿ? ಆದ್ರೂ ನೀವು ಹೂಂ ಅಂದ್ರಷ್ಟ ನಾ ಹೋಗಾಕಿ."

ನಾನು ಹೂಂ ಅನ್ನಲಿಲ್ಲ.

ಹುಟ್ಟದ ಕೂಸಿಗೆ ಅರಿವೆ ನೇಯಬಾರದು ಎಂಬುದು ನಮ್ಮ ಹಿರಿಯರ ಮಾತು. ಅದನ್ನೂ ಮೀರಿದೆ. ಅರಿವೆ ತಯಾರಾದರೆ ಕೂಸೂ ನೆಟ್ಟಗಾಗಿ ಬಂದೀತು ಎಂಬ ಹುಚ್ಚು. ಕೂಸಿನ ತಲೆ, ಬೆನ್ನು ಹೊದಿಸುವ ಕುಂಚಿಗೆಗೆಂದು ಹಳೆಯ ಕುಣಿಮಗ್ಗಕ್ಕೆ ಬಿಳಿ ನೂಲಿನ ಉದ್ದೆಳೆಗಳ ಹಾಸು ಹೂಡಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತೆ.

ಗೇಣಿನ ಮೇಲೆ ನಾಲ್ಕು ಬೆರಳು ನೇಯ್ದಿರಬೇಕು, ಕರೆಂಟ್ ಹೋಯಿತು. ಓಣಿಯ ಪಾವರ್‌ಲೂಮುಗಳೆಲ್ಲ ಒಮ್ಮೆಲೆ ನಿಂತವು. ಆ ಸದ್ದು ನಿಂತರೆ ನಮಗೆ ನೀರೊಳಗೆ ಮುಳುಗಿದಂತಾಗುತ್ತದೆ. ಮಗ್ಗದ ಮರಕ್ಕೆ ಹಣೆ ಹಚ್ಚಿದೆ. ನಿದ್ದೆಯಲ್ಲ, ಎಚ್ಚರವೂ ಅಲ್ಲ. ಬೆಳಕಿಂಡಿಯ ಬಿಸಿಲು ಅರಿವೆಯ ಮೇಲೆ ಹಾಲಿನಂತೆ ಹರಿದಾಡುತ್ತಿತ್ತು. ಲಾಳಿ ಹಗುರಾಗಿ ಆ ಕಡೆ ಹೋಗಿ ಈ ಕಡೆ ಬಂದ ಸಪ್ಪಳ ಕೇಳಿಸಿತು. ನನ್ನ ಕೈಗಳು ತೊಡೆಯ ಮೇಲೇ ಇದ್ದವು. ಹೆದರಿಕೆಯಾಗಲಿಲ್ಲ. ಯಾರೋ ಮಗ್ಗುಲಲ್ಲಿ ಕುಳಿತು ನನ್ನ ಕೆಲಸ ಹಂಚಿಕೊಂಡ ಹಾಗಿತ್ತು.

ಕರೆಂಟ್ ಬಂದು ಓಣಿ ಗುಡುಗಿದಾಗ ಕಣ್ಣು ಬಿಟ್ಟೆ. ನೇಯ್ದು ನಿಲ್ಲಿಸಿದ್ದಲ್ಲಿ, ಬಿಳಿ ಅರಿವೆಗೆ ಅಡ್ಡವಾಗಿ ಒಂದು ಕೆಂಪು ಗೆರೆ. ಇಲ್ಲಿಗೆ ಮುಗಿಯಿತು, ಇಲ್ಲಿ ಕೊಯ್ಯಬೇಕು ಎಂದು ನಾವು ನೇಕಾರರು ಹಾಕುವ ಗುರುತು ಅದು. ಲಾಳಿಯಲ್ಲಿದ್ದದ್ದು ಬಿಳಿ ನೂಲು. ಆಮೇಲೆ ಮನೆಯೆಲ್ಲ ಹುಡುಕಿದೆ, ಕೆಂಪು ನೂಲು ಒಂದೆಳೆಯೂ ಸಿಗಲಿಲ್ಲ.

ಒಳಗೆ ಮಲಗಿದ್ದ ಸವಿತಾ ಕಣ್ಣುಜ್ಜುತ್ತ ಬಂದಳು. ಗೆರೆ ಅವಳಿಗೆ ಕಾಣದಂತೆ ಅಂಗೈಯಿಂದ ಮುಚ್ಚಿದೆ.

"ಅತ್ತಿ, ಕನಸಿನ್ಯಾಗ ಯಾರೋ 'ಸಾಕೇನು?' ಅಂತ ಕೇಳಾಕತ್ತಿದ್ರು. ನನಗಲ್ಲ, ನಿಮಗ."

ಅಂಗೈ ತೆಗೆಯದೆಯೇ ಹೂಂ ಅಂದೆ.

ಮೂರನೇ ದಿನ ಜಮಖಂಡಿಯಿಂದ ಕೂಸನ್ನು ಮಣ್ಣಿಗೆ ತಂದೆವು. ಗೆರೆಗೆ ಸರಿಯಾಗಿ ಕೊಯ್ದ ಆ ಅರಿವೆ ಸುತ್ತಿದೆ. ಹೆಚ್ಚೂ ಆಗಲಿಲ್ಲ, ಕಡಿಮೆಯೂ ಬೀಳಲಿಲ್ಲ.

ಮಾಡಿದ್ದು ಸರಿಯೋ ಪಾಪವೋ ನನಗಿನ್ನೂ ಬಗೆಹರಿದಿಲ್ಲ. ಸವಿತಾ ಈಗ ಮತ್ತೆ ನಗುತ್ತಾಳೆ, ಅಷ್ಟು ಬಲ್ಲೆ. ನಿದ್ದೆಗಣ್ಣಿನಲ್ಲಿ ನೀನೇ ನೇಯ್ದಿರಬೇಕು ಅನ್ನುತ್ತಾನೆ ಮಗ. ಇದ್ದೀತು. ಕೆಂಪು ನೂಲು ಎಲ್ಲಿಯದು ಎಂದರೆ ಅವನೂ ನೂಲಿನ ಬುಟ್ಟಿ ತಡಕಲು ಏಳುತ್ತಾನೆ. ಉಳಿದ ಬಿಳಿ ಹಾಸು ಮಗ್ಗದ ಮೇಲೆ ಹಾಗೇ ಇದೆ. ಕರೆಂಟ್ ಹೋದ ಮಧ್ಯಾಹ್ನಗಳಲ್ಲಿ ಹೋಗಿ ಕೂಡುತ್ತೇನೆ, ಮಗ್ಗುಲಲ್ಲಿ ತುಸು ಜಾಗ ಬಿಟ್ಟು.