ರೋಗ ಬರಲೆಂದು ಕಾದ ಮಳೆಗಾಲ

ಬನಹಟ್ಟಿಗೆ ಬಂದ ಮೂರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತು ನನ್ನ ಕಿವಿಗಳನ್ನು ಕೇಳಿದಳು.

"ಅಮ್ಮಾರ, ಒಂದ್ ಅರ್ಧಾ ತಾಸು ನಿಮ್ಮ ಕಿವಿ ಬೇಕಾಗಿದ್ವು ನೋಡ್ರಿ."

ಅವಳ ಹೆಸರು ಶಬಾನಾ. ನಮ್ಮ ಎದುರು ಕೋಣೆಯ ಬಾಡಿಗೆದಾರಳು. ಮಗ್ಗದ ಸಪ್ಪಳದಿಂದ ನೇಕಾರರ ಕಿವಿ ಎಷ್ಟು ಮಂದವಾಗುತ್ತದೆ ಎಂಬುದು ಅವಳ ಸಂಶೋಧನೆ. ಹೋಲಿಕೆಗೆ ಮಗ್ಗದ ನಡುವೆ ಬಾಳದ ವಯಸ್ಸಾದವರ ಕಿವಿಯೂ ಬೇಕು.

"ಈ ಓಣ್ಯಾಗ ಅಂಥಾ ಕಿವಿ ಒಂದೂ ಸಿಗೂದಿಲ್ರಿ. ನೀವು ಹೊಸಬರು. ಹಳಬರು ಆಗೂ ಮೊದಲ ನೋಡಿಬಿಡ್ತೇನ್ರಿ."

ನಾನು ಕುಳಿತುಕೊಂಡೆ. ಅವಳು ಕಿವಿಗೆ ಯಂತ್ರ ಹಚ್ಚಿದಳು. ಈ ಊರು ನನ್ನಿಂದ ಮೊದಲು ಬಯಸಿದ್ದು ನಾನು ಇಲ್ಲಿಯವಳಲ್ಲ ಎಂಬುದೊಂದನ್ನೇ.

ನಾನು ಮಂಡ್ಯದವಳು. ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿ, ವಾರ್ಡಿನ ಮೇಲ್ವಿಚಾರಕಿಯಾಗಿ ನಿವೃತ್ತಳಾದೆ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ಹಾಸಿಗೆ ಹೊದಿಕೆಗಳ ತಪಾಸಣೆ. ನಿವೃತ್ತಿಯ ನಂತರ ತಪಾಸಣೆಗೆ ನನ್ನ ಹಾಸಿಗೆ ಒಂದೇ ಉಳಿಯಿತು, ಆದರೂ ಬಿಡಲಿಲ್ಲ. ಮಗಳು ವನಜಾ ಜಮಖಂಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಅಳಿಯ ಹಡಗಿನ ಕೆಲಸದವರು. ಮೂರು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳುವವರಿಲ್ಲದೆ ವನಜಾಳ ಸಂಶೋಧನೆ ನಿಂತಿತ್ತು.

"ಒಂದು ವರ್ಷ ಬಾಮ್ಮ. ಪ್ರಬಂಧ ಒಪ್ಪಿಸಿದ ಮಾರನೇ ದಿನ ನಾನೇ ಮಂಡ್ಯದ ಬಸ್ಸು ಹತ್ತಿಸ್ತೀನಿ," ಎಂದಳು. ನಾನು ಒಪ್ಪಿದೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಜಯಮ್ಮನ ಕೈಗೆ ಕೊಟ್ಟು ಬಂದೆ. ಅದು ಎರಡು ವರ್ಷದ ಹಿಂದಿನ ಮಾತು.

ಮಂಡ್ಯವೂ ಕಬ್ಬಿನ ನಾಡು, ಇದೂ ಕಬ್ಬಿನ ನಾಡು. ವ್ಯತ್ಯಾಸವೇನಿರುತ್ತದೆ ಎಂದುಕೊಂಡೇ ಬಂದಿದ್ದೆ. ಅಲ್ಲಿ ನನ್ನ ಮನೆಗೆ ಎರಡು ಬಾಗಿಲು, ಹಿಂದೆ ಕರಿಬೇವಿನ ಗಿಡ, ಆಚೆ ನಾಲೆ. ಇಲ್ಲಿ ನಮ್ಮದು ಮಹಡಿ. ಕೆಳಗೆ ಮಾಲೀಕರ ನಾಲ್ಕು ವಿದ್ಯುತ್ ಮಗ್ಗ. ಬೀದಿಗೆ ಇಳಿಯಬೇಕೆಂದರೆ ಏಣಿಯಂಥ ಮೆಟ್ಟಿಲಿಳಿದು ಮಗ್ಗಗಳ ನಡುವಿನ ಒಂದಾಳು ದಾರಿಯಲ್ಲೇ ಸೆರಗು ಬಿಗಿಹಿಡಿದು ಹಾಯಬೇಕು. ಮಾಲೀಕರ ಹೆಂಡತಿ ಗಂಗವ್ವ ಅಲ್ಲೇ ಕುಳಿತು ಕಂಡಿಕೆಗಳಿಗೆ ನೂಲು ಸುತ್ತುತ್ತಿರುತ್ತಾರೆ. ಹೋಗುವಾಗ "ಎಲ್ಲಿ ಹೊಂಟ್ರೀ ಅಕ್ಕಾರ?" ಬರುವಾಗ "ಇಷ್ಟ ಲಗೂ ಬಂದ್ರಿ?" ಪ್ರೀತಿಯ ಪ್ರಶ್ನೆಗಳೇ. ಆದರೂ ಕೆಲವು ದಿನ ಉತ್ತರ ಕೊಡಬೇಕಲ್ಲ ಎಂದೇ ನಾನು ಕೆಳಗಿಳಿಯಲಿಲ್ಲ. ಮಗುವನ್ನು ಮಲಗಿಸಿ ಕಿಟಕಿಯಲ್ಲಿ ನಿಂತರೆ ಎದುರಿಗೆ ಇನ್ನೊಂದು ಮಗ್ಗದ ಮನೆಯ ಗೋಡೆ. ಆ ಗೋಡೆಯ ಒಂದೊಂದು ಬಿರುಕೂ ನನಗೆ ಗೊತ್ತು.

ಮುದ್ದೆ ಇಲ್ಲದ ಊಟಕ್ಕೆ ಹೊಟ್ಟೆ ಒಂದು ತಿಂಗಳು ಮುನಿಸಿಕೊಂಡಿತು. ರೊಟ್ಟಿ ಬಡಿಯಲು ಗಂಗವ್ವ ಕಲಿಸಿದರು. ನನ್ನ ಮೊದಲ ರೊಟ್ಟಿ ನೋಡಿ, "ಏನ್ ನಕಾಶೆ ತಗದೀರಿ, ಅಕ್ಕಾರ! ಇದರಾಗ ನಿಮ್ಮ ಮಂಡ್ಯಾ ಎಲ್ಲೈತಿ ತೋರಸ್ರಿ," ಎಂದು ನಕ್ಕರು. ಆರನೆಯ ತಿಂಗಳಿಗೆ ದುಂಡಗಾಯಿತು.

ಮಹಡಿಯ ಮೂರನೆಯ ಕೋಣೆಯಲ್ಲಿ ಈರಪ್ಪನಿದ್ದ. ಹಾಲುಮತದ ಕುರುಬರ ಮನೆಯ ಹುಡುಗ, ಬೀರೇಶ್ವರನ ಭಕ್ತರು ಹಾಡುವ ಡೊಳ್ಳಿನ ಪದಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಒಬ್ಬಳದು ಕಿವಿ, ಒಬ್ಬನದು ಹಾಡು, ನನ್ನ ಮಗಳದು ಕಬ್ಬಿನ ಕೊಳೆರೋಗ. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ದಿಂಬಿಗೂ ಬೇಡ. ಮೂವರೂ ಹೊತ್ತುಗೊತ್ತಿಲ್ಲದೆ ಉಣ್ಣುವುದನ್ನು ಒಂದು ವಾರ ನೋಡಿದೆ. ಎಂಟನೆಯ ದಿನ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ: ರಾತ್ರಿ ಊಟ ಏಳೂವರೆಗೆ, ಪಡಸಾಲೆಯಲ್ಲಿ, ಎಲ್ಲರೂ. ಗೊಣಗಿದರು, ಬಂದರು.

ಆ ಊಟದಲ್ಲಿ ಕೇಳಿದ ಮಾತುಗಳು ನನ್ನ ತಲೆ ಕೆಡಿಸಿದವು. ಒಬ್ಬನೇ ಅಜ್ಜ ಒಂದೇ ಪದವನ್ನು ಮೂರು ಸಲ ಮೂರು ರೀತಿ ತಪ್ಪಿ ಹಾಡಿದನೆಂದು ಈರಪ್ಪನಿಗೆ ಹಬ್ಬ. ಒಂದು ಹಳೆಯ ಮಗ್ಗ ಉಳಿದವುಗಳಿಗಿಂತ ಹೆಚ್ಚು ಕಿರುಚುತ್ತದೆಂದು ಶಬಾನಾಳಿಗೆ ಸಂತೋಷ. ಬಾಡಗಂಡಿ ಕಡೆಯಿಂದ ತಂದ ಕಬ್ಬನ್ನು ಸೀಳಿದರೆ ಒಳಗೆಲ್ಲ ಕೆಂಪು, ನಡುನಡುವೆ ಬಿಳಿ ಪಟ್ಟೆ, ಹುಳಿ ಹೆಂಡದ ವಾಸನೆ, ನನ್ನ ಮಗಳು ಅದನ್ನು ಮೂಸಿ "ಎಷ್ಟು ಚೆನ್ನಾಗಿದೆ!" ಎಂದಳು. ಈ ಭಾಗದಲ್ಲಿ ಕೆಂಪು ಕೊಳೆ ಅಪರೂಪವಂತೆ, ಅದಕ್ಕೇ ಅವಳಿಗೆ ಅದರ ಮೇಲೆ ಆಸೆ. ತಪ್ಪು, ಗದ್ದಲ, ಕೊಳೆ: ವಾರ್ಡಿನಲ್ಲಿ ನಾನು ಬದುಕಿಡೀ ಹೊರಹಾಕಿದ್ದನ್ನೇ ಇವರು ಲೇಬಲ್ ಹಚ್ಚಿ ಜೋಪಾನ ಮಾಡುತ್ತಿದ್ದರು.

"ಶಬಾನಾನ ಕಿವಿ, ನನ್ನ ಬಾಯಿ, ಮೇಡಮ್ಮಾರ ಬೂಷ್ಟು," ಎಂದ ಈರಪ್ಪ. "ಮೂರೂ ಕೂಡಿಸಿದ್ರೂ ಒಂದ್ ಮನಷ್ಯಾ ಆಗೂದಿಲ್ಲ ನೋಡ್ರಿ."

"ನಿನ್ನ ಬಾಯಿ ಒಂದಾ ಸಾಕಲೇ, ಮೂರು ಮಂದಿಗೆ ಆಗತೈತಿ," ಎಂದಳು ಶಬಾನಾ.

ಮೊದಲ ವರ್ಷ ಮುಗಿಯುತ್ತ ಬಂತು. ವನಜಾಳ ಬಳಿ ಬೇರೆ ಬೇರೆ ಊರಿನ ಕಬ್ಬಿನಿಂದ ಬೆಳೆಸಿದ ಶಿಲೀಂಧ್ರ, ಅಂದರೆ ಆ ಬೂಷ್ಟು, ಸಣ್ಣ ಗಾಜಿನ ಸೀಸೆಗಳಲ್ಲಿ ತುಂಬಿತ್ತು. ಇನ್ನೊಂದೇ ಪರೀಕ್ಷೆ, ಆಮೇಲೆ ಬರೆಯುವುದು. ಕಾಲೇಜಿನ ತಂಪುಪೆಟ್ಟಿಗೆ ಕೆಟ್ಟಿತೆಂದು ಸೀಸೆಗಳನ್ನು ಡಬ್ಬಿಯಲ್ಲಿಟ್ಟು ಮನೆಗೆ ತಂದಳು. "ಈ ಡಬ್ಬಿ ಮುಟ್ಟಬೇಡಮ್ಮ," ಎಂದಳು.

ಮರುದಿನ ಅಮಾವಾಸ್ಯೆ. ಗಂಗವ್ವನ ಮನೆಯಲ್ಲಿ ಅಂದು ಮಗ್ಗ ನಿಲ್ಲುತ್ತದೆ. ಮಗ್ಗ ಒರೆಸಿ, ಎಣ್ಣೆ ಹಾಕಿ, ಪೂಜೆ ಮಾಡಿ, ಮನೆಯ ಪಾತ್ರೆಪಗಡೆಯನ್ನೆಲ್ಲ ತೊಳೆಯುತ್ತಾರೆ. ಮೆಟ್ಟಿಲ ಕೆಳಗಿನಿಂದ ಕೂಗಿದರು: "ಅಕ್ಕಾರ, ಗಾಜು, ತಾಮ್ರ, ಹಿತ್ತಾಳಿ ಏನೈತಿ ಎಲ್ಲಾ ತರ್ರಿ. ಹಂಡೇದಾಗ ನೀರು ಕುದ್ಯಾಕತ್ತಾವ."

ಆ ನಿಶ್ಶಬ್ದದಲ್ಲಿ ನನಗೆ ಎಂದೂ ಇಲ್ಲದ ಹುರುಪು. ಅಡುಗೆಕಟ್ಟೆಯ ಮೇಲೆ, ಕಿಟಕಿಯ ಗಾಳಿಗೆ, ಇಪ್ಪತ್ತಕ್ಕೂ ಹೆಚ್ಚು ಸೀಸೆ ಸಾಲಾಗಿ ನಿಂತಿದ್ದವು. ಒಳಗೆ ಬೂದು ಬಣ್ಣದ ಹತ್ತಿಯಂಥದ್ದು. ಡಬ್ಬಿ ಮುಟ್ಟಬೇಡ ಎಂದಿದ್ದಳು. ನಾನು ಡಬ್ಬಿ ಮುಟ್ಟಲಿಲ್ಲ. ಸೀಸೆಗಳು ಡಬ್ಬಿಯಲ್ಲಿರಲಿಲ್ಲ. ಸೆಕೆಗೆ ಕೆಟ್ಟಾವೆಂದು ಅವಳೇ ಬೆಳಗ್ಗೆ ಹೊರಗೆ ಇಟ್ಟು ಹೋಗಿದ್ದಳು. ನನ್ನ ಕೈಗೆ ಗೊತ್ತಿದ್ದುದು ಒಂದೇ ಕೆಲಸ. ಕೆಳಗೆ ಒಯ್ದೆ, ಇಪ್ಪತ್ತು ನಿಮಿಷ ಕುದಿಸಿದೆ, ಗಡಿಯಾರ ನೋಡಿಯೇ. ಬ್ರಷ್ಷಿನಿಂದ ಉಜ್ಜಿ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದೆ. ಹೊಳೆಯುತ್ತಿದ್ದವು.

ಸಂಜೆ ವನಜಾ ಬಂದು ಆ ಬಟ್ಟೆಯ ಮುಂದೆ ನಿಂತಳು. ಬೈಯಲಿಲ್ಲ. ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದು, "ಒಂದು ಕಲೆಯೂ ಇಲ್ಲಮ್ಮ," ಎಂದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲೆಕ್ಕ ಸರಳವಾಗಿತ್ತು. ರೋಗ ಬಿದ್ದ ಕಬ್ಬು ಮತ್ತೆ ಸಿಗಬೇಕು. ಅದು ಕಾಣುವುದು ಮಳೆಗಾಲದಲ್ಲಿ. ಅಲ್ಲಿಯವರೆಗೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಮಂಡ್ಯವಿಲ್ಲ. ನನ್ನ ಬೀಗ ನಾನೇ ಹಾಕಿಕೊಂಡಿದ್ದೆ.

ಮಳೆ ಬಂತು. ವನಜಾಳಿಗೆ ಪಾಠದಿಂದ ಬಿಡುವಿಲ್ಲ. ಹುಡುಕುವ ಕೆಲಸ ನಾನೇ ವಹಿಸಿಕೊಂಡೆ. ಮೊಮ್ಮಗಳು ಅಂಗನವಾಡಿಗೆ ಹೋಗತೊಡಗಿದ್ದಳು. ಈರಪ್ಪ ಚಿಮ್ಮಡದಲ್ಲಿರುವ ತನ್ನ ಅತ್ತೆ ಲಗಮವ್ವನ ಹೊಲ ತೋರಿಸಿದ. ಲಗಮವ್ವ ನನಗಿಂತ ಎರಡು ವರ್ಷ ಚಿಕ್ಕವರು. ಒಂದೂವರೆ ಎಕರೆ ಕಬ್ಬು ಅವರೊಬ್ಬರ ದುಡಿಮೆ. ಪ್ರತಿ ಸೋಮವಾರ ಹತ್ತು ಗಂಟೆಯ ಆಟೋ. ಸಾಲು ಸಾಲಾಗಿ ನಡೆದು ಮೇಲಿನಿಂದ ಮೂರನೆಯ, ನಾಲ್ಕನೆಯ ಎಲೆ ನೋಡುವುದು. ಒಣಗುತ್ತಿದ್ದರೆ ದಂಟು ಸೀಳುವುದು. ವಾರ್ಡಿನ ಸುತ್ತಿನಂತೆಯೇ. ಹೊಸ ಊರಿನಲ್ಲಿ ನನಗೆ ತಿಳಿದ ಕೆಲಸ ಅಲ್ಲಿ ಮಾತ್ರ ಸಿಕ್ಕಿತು.

"ಹೆಂಗೈತ್ರೀ ನಮ್ಮ ಕಬ್ಬ?" ಎಂದು ಲಗಮವ್ವ ಬದುವಿನ ಮೇಲಿನಿಂದ ಕೇಳುವರು.

"ಚೆನ್ನಾಗಿದೆ."

"ಛಲೋ ಆತು." ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚುವರು. ಅಲ್ಲೇ ಕುಳಿತು ಉಣ್ಣುವೆವು.

ಹೀಗೆ ಎರಡೂವರೆ ತಿಂಗಳು. ಸಮೀರವಾಡಿ ಕಡೆಯೂ ವಿಚಾರಿಸಿದೆವು, ಎಲ್ಲೂ ಇರಲಿಲ್ಲ. ಜಯಮ್ಮ ಫೋನಿನಲ್ಲಿ, "ಯಾವಾಗ್ ಬತ್ತೀರಕ್ಕ? ನಿಮ್ಮ ಬಾಗಿಲಿಗೆ ಗೆದ್ದಲು ಹತ್ಕಂಡದೆ," ಎಂದಳು. ಮುಂದಿನ ಸೋಮವಾರ ನಾನು ಇನ್ನೂ ಬೇಗ ಹೊರಟೆ.

ಆ ದಿನ ಮೂಡಣ ಬದುವಿನ ಹತ್ತಿರ ಒಂದು ಗಡ್ಡೆಯ, ಅಂದರೆ ಒಂದೇ ಬುಡದಿಂದೆದ್ದ ಕಬ್ಬುಗಳ, ಎಲೆಗಳು ತುದಿಯಿಂದ ಹಳದಿಯಾಗಿದ್ದವು. ದಂಟು ಕಡಿದು ಸೀಳಿದೆ. ಕೆಂಪು. ನಡುವೆ ಬಿಳಿ ಪಟ್ಟೆ. ಹುಳಿ ವಾಸನೆ. ನನ್ನ ಬಾಯಿಂದ "ಬಂತು!" ಎಂಬ ಮಾತು ಹಾರಿಹೋಯಿತು.

ತಿರುಗಿದರೆ ಲಗಮವ್ವ ಹಿಂದೆಯೇ ನಿಂತಿದ್ದರು. "ಏನ್ ಬಂತ್ರೀ?"

ಸುಳ್ಳು ಹೇಳಲಿಲ್ಲ. ಸೀಳನ್ನು ಅವರ ಕೈಗೆ ಕೊಟ್ಟೆ. ಅವರು ಮೂಸಿದರು, ಸೆರಗಿಗೆ ಕೈ ಒರೆಸಿಕೊಂಡರು.

"ಬ್ಯಾನಿ," ಎಂದರು. ಇಲ್ಲಿ ರೋಗಕ್ಕೂ ನೋವಿಗೂ ಅದೇ ಮಾತು. "ನಿಮಗ ಬೇಕಾದ್ದು ಸಿಕ್ಕಿತು. ಇನ್ನ ಊರಿಗೆ ಹೋಗಾಕ ಅಡ್ಡಿಯಿಲ್ಲ."

"ಹಾಗಲ್ಲ, ಲಗಮವ್ವ..."

"ನನಗೇನ್ ಕಣ್ಣಿಲ್ಲೇನ್ರಿ? ವಾರಾ ವಾರಾ ನೋಡೀನಿ. ಕಬ್ಬ ಛಲೋ ಐತಿ ಅನ್ನೂಮುಂದ ನಿಮ್ಮ ಮಾರಿ ಸಣ್ಣಾಗ್ತಿತ್ತು."

ಮೂರು ದಶಕ ರೋಗಿಯ ಜ್ವರ ಇಳಿಯಲೆಂದು ಕಾದ ಹೆಂಗಸು ನಾನು. ಇಲ್ಲಿ, ನನಗೆ ರೊಟ್ಟಿ ಕೊಟ್ಟವರ ಹೊಲದಲ್ಲಿ, ಜ್ವರ ಏರಲೆಂದು ಕಾದಿದ್ದೆ. ಅದು ಅವರಿಗೆ ಮೊದಲ ವಾರದಿಂದಲೇ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಬಿಚ್ಚಿದ್ದರು.

ವನಜಾಳಿಗೆ ಬೇಕಾದ ನಾಲ್ಕು ತುಂಡು ಕಾಗದದಲ್ಲಿ ಸುತ್ತಿದೆ. ಆಮೇಲೆ ಕಚ್ಚೆ ಹಾಕಿ ಗುದ್ದಲಿ ಕೇಳಿದೆ. ಗಡ್ಡೆಯನ್ನು ಬೇರು ಸಮೇತ ಅಗೆದೆವು, ಬದುವಿನ ಆಚೆ ಸುಟ್ಟೆವು. ಆ ಜಾಗದ ನೀರು ಬೇರೆ ಸಾಲಿಗೆ ಹರಿಯದಂತೆ ಮಣ್ಣು ಕಟ್ಟಿದೆವು. ಈ ಹೊಲದಿಂದ ಬಿತ್ತನೆಗೆ ಒಂದು ತುಂಡೂ ಕೊಡಬಾರದೆಂದೂ, ದಿನಾ ಪ್ರತಿ ಸಾಲು ನೋಡಬೇಕೆಂದೂ ಹೇಳಿದೆ. ಲಗಮವ್ವ ಹೇಳಿದ್ದನ್ನೆಲ್ಲ ಮಾಡಿದರು. ಆಟೋ ಬಂದಾಗ, "ದಿನಾ ನೋಡಾಕ ನನಗೇನ್ ಗೊತ್ತಾಗತೈತ್ರಿ? ಕಬ್ಬ ಕಡಿಯೂತನಕಾ ನೀವಾ ಬರ್ರಿ," ಎಂದರು. ಕೇಳಿಕೊಂಡಂತಿರಲಿಲ್ಲ, ಅಪ್ಪಣೆಯಂತಿತ್ತು.

ಈಗ ಸೀಸೆಗಳಲ್ಲಿ ಮತ್ತೆ ಬೂದು ಹತ್ತಿ ಬೆಳೆದಿದೆ. ಯುಗಾದಿಯೊಳಗೆ ಪ್ರಬಂಧ ಒಪ್ಪಿಸುತ್ತೇನೆಂದು ವನಜಾ ಹೇಳುತ್ತಾಳೆ; ಅಂಗನವಾಡಿ ಇರುವುದರಿಂದ ಬೇಕಿದ್ದರೆ ನಾಳೆಯೇ ಹೊರಡು ಎಂದೂ ಹೇಳುತ್ತಾಳೆ. ನಾನು ದಿನಾ ಹತ್ತಕ್ಕೆ ಚಿಮ್ಮಡದ ಆಟೋ ಹತ್ತುತ್ತೇನೆ. ಇನ್ನೆರಡು ಗಡ್ಡೆ ಸಿಕ್ಕಿವೆ, ಸುಟ್ಟಿದ್ದೇವೆ. ಲಗಮವ್ವ ನನ್ನ ಜತೆ ಸಾಲು ನಡೆಯುತ್ತಾರೆ, ಆದರೆ ಈಚೆಗೆ ನನ್ನ ಮುಖ ನೋಡುವುದಿಲ್ಲ, ಎಲೆ ನೋಡುತ್ತಾರೆ.

ನಿನ್ನೆ ಜಯಮ್ಮನಿಗೆ, ಕಬ್ಬು ಕಡಿದ ಮೇಲೆ ಬರುತ್ತೇನೆ ಎಂದೆ. "ಯಾರ ಕಬ್ಬಕ್ಕ?" ಎಂದು ಕೇಳಿದಳು.

"ನಮ್ಮದು," ಎಂದೆ. ಅವಳು ನಕ್ಕಳು. ಮಂಡ್ಯದಲ್ಲಿ ನನಗೆ ಒಂದು ಗುಂಟೆ ಕಬ್ಬೂ ಇಲ್ಲವೆಂದು ಅವಳಿಗೆ ಗೊತ್ತು. ಇಲ್ಲಿಯೂ ಇಲ್ಲ.