ಅಜ್ಜನ ಕೊನೆಯ ಕಾಡತೂಸು

ಹಳೆಯ ಕೋವಿಗಳ ಕಾಡತೂಸುಗಳನ್ನು ಮತ್ತೆ ತಯಾರಿಸಬೇಕೆಂದು ಕೆಲವರು ಕೇಳುತ್ತಿದ್ದಾರಂತೆ. ಮಗ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಕೆಂಪು ಕಾಗದದ ಕೊಳವೆ, ಹಿತ್ತಾಳೆಯ ತಳ. ಕಂಡೊಡನೆ ಗುರುತು ಹಿಡಿದೆ.

ನನ್ನ ಬಾಲ್ಯದಲ್ಲಿ ಜಾವಳಿ ಊರಿನ ನಮ್ಮ ಮನೆಯಲ್ಲಿ ಅಂಥದ್ದು ಒಂದೇ ಉಳಿದಿತ್ತು. ತೀರಿಹೋದ ಅಜ್ಜ ಅದನ್ನು ತಂಡಿ ತಾಗದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಒಂದು ಮಧ್ಯಾಹ್ನ ಮಂಗಗಳನ್ನು ಓಡಿಸಲು ಅಪ್ಪ ಅದನ್ನೇ ಕೋವಿಗೆ ತುಂಬಿ ಟ್ರಿಗರಿನ ಕುದುರೆ ಎಳೆದರು. ಸದ್ದಾಗಲಿಲ್ಲ.

"ಠುಸ್ಸಾಯ್ತಲ್ಲ ಅಮ್ಮ, ಕೋವಿ ಬಿಚ್ಚಿ ನೋಡ್ತೀನಿ," ಎಂದು ಅಪ್ಪ ಪಕ್ಕದಲ್ಲಿದ್ದ ಅಜ್ಜಿಗೆ ಹೇಳಿದರು.

"ಮುಖ ಉಳೀಬೇಕಾ ಬೇಡ್ವಾ ಮಾರಾಯ? ನಿಮ್ಮಪ್ಪ ಮೂವತ್ತು ಎಣಿಸ್ದೆ ಬಿಚ್ತಿರ್ಲಿಲ್ಲ. ಮೇಲಕ್ಕೆ ಹಿಡ್ಕೊ," ಎಂದ ಅಜ್ಜಿ ಎಣಿಸತೊಡಗಿದರು.

ಏಳು ಎಣಿಸುವಷ್ಟರಲ್ಲಿ ಕೋವಿ ತಾನಾಗಿ ಸಿಡಿಯಿತು. ಕಾಡೆಲ್ಲ ಸ್ತಬ್ಧವಾಯಿತು. ಅಜ್ಜಿ ಮಾತ್ರ ನಿಲ್ಲಿಸದೆ ಮೂವತ್ತರವರೆಗೂ ಎಣಿಸಿದರು. ಎಣಿಸುವ ಆ ದನಿ ಥೇಟ್ ಅಜ್ಜನದಾಗಿತ್ತು.

ಯಾರು ಬೇಕಾದರೂ ತಯಾರಿಸಿಕೊಳ್ಳಲಿ, ನಮ್ಮ ಮನೆಗೆ ಬೇಡ, ಅಜ್ಜನದೇ ಕೊನೆಯದಾಗಿರಲಿ ಎಂದು ಮಗನಿಗೆ ಹೇಳಿದೆ.